ಜೀರ್ಣಾಂಗದ ಕ್ಯಾನ್ಸರ್: ಡಿಎನ್‌ಎ ಪರೀಕ್ಷೆ ಯಾರಿಗೆ, ಯಾವಾಗ?

ಓದುಗರ ಪ್ರಶ್ನೆ, ವೈದ್ಯರ ಉತ್ತರ

ಅನ್ನನಾಳದಿಂದ ಗುದನಾಳದವರೆಗಿನ ಕ್ಯಾನ್ಸರ್‌ಗಳನ್ನು ಮುಂಚಿತವಾಗಿ ಗುರುತಿಸುವ ಹೊಸ ಪರೀಕ್ಷೆಗಳ ಬಗ್ಗೆ ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ, ವಯಸ್ಸು 61. ರಕ್ತದ ಒಂದೇ ಪರೀಕ್ಷೆಯಿಂದ ಕರುಳಿನ ಕ್ಯಾನ್ಸರನ್ನು ಕಂಡುಹಿಡಿಯಬಹುದೆಂಬ ಜಾಹೀರಾತು ಮೊಬೈಲಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಮಲದಲ್ಲಿರುವ ಡಿಎನ್‌ಎಯನ್ನು ನೋಡುವ ಪರೀಕ್ಷೆಯೂ ಇದೆಯಂತೆ. ನನಗೆ ಯಾವ ತೊಂದರೆಯೂ ಇಲ್ಲ. ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಯಿಸಿ ದೊಡ್ಡ ಕರುಳನ್ನು ನೋಡುವ ಕೊಲೊನೋಸ್ಕೋಪಿಯ ಬದಲು ಇವುಗಳಲ್ಲಿ ಒಂದನ್ನು ಮಾಡಿಸಿಕೊಂಡರೆ ಸಾಲದೆ? (ತುಮಕೂರು)

ಉತ್ತರ: ಈ ಪರೀಕ್ಷೆಗಳ ಹಿಂದಿರುವ ವಿಜ್ಞಾನ ಗಟ್ಟಿಯಾದದ್ದೇ. ದೊಡ್ಡ ಕರುಳಿನ ಕ್ಯಾನ್ಸರ್ ಒಂದು ದಿನದಲ್ಲಿ ಹುಟ್ಟುವುದಿಲ್ಲ. ಕರುಳಿನ ಒಳಪದರದ ಒಂದು ಜೀವಕೋಶದಲ್ಲಿ ಮೊದಲು ಸಾಮಾನ್ಯವಾಗಿ ಎಪಿಸಿ ಎಂಬ ಜೀನು ಕೆಡುತ್ತದೆ, ಅಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಬೆಳೆಯುತ್ತದೆ. ಮುಂದೆ ಕೆರಾಸ್ ಜೀನಿನಲ್ಲಿ, ಅನಂತರ ಟಿಪಿ53 ಜೀನಿನಲ್ಲಿ ದೋಷಗಳು ಕೂಡಿಕೊಂಡು ಆ ಗಂಟು ಕ್ಯಾನ್ಸರಿನತ್ತ ಸಾಗುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಎರಿಕ್ ಫಿಯರಾನ್ ಮತ್ತು ಬರ್ಟ್ ವೊಗೆಲ್‌ಸ್ಟೈನ್ 1990ರಲ್ಲಿ ಮಂಡಿಸಿದ ಈ ವಿವರಣೆ, ಅನಂತರ ಹಲವು ತಿದ್ದುಪಡಿಗಳಾಗಿದ್ದರೂ, ಇಂದಿಗೂ ತಳಹದಿಯಾಗಿ ಉಳಿದಿದೆ. ಪಾಲಿಪ್ ಕ್ಯಾನ್ಸರಾಗಲು ಬಹುತೇಕರಲ್ಲಿ ಹತ್ತು ವರ್ಷದಷ್ಟು ಕಾಲ ಬೇಕಾಗುತ್ತದೆ. ತೊಂದರೆಯಿಲ್ಲದವರಲ್ಲಿ ರೋಗವನ್ನು ಹುಡುಕುವ ತಪಾಸಣೆಗೆ ಅರ್ಥ ಬರುವುದು ಈ ಬಿಡುವಿನಿಂದಲೇ, ಏಕೆಂದರೆ ಆ ಅವಧಿಯಲ್ಲಿ ಪಾಲಿಪನ್ನು ಕತ್ತರಿಸಿ ತೆಗೆದರೆ ಕ್ಯಾನ್ಸರ್ ಪತ್ತೆಯಾಗುವುದಷ್ಟೇ ಅಲ್ಲ, ಬರುವುದೇ ತಪ್ಪುತ್ತದೆ.

ಕರುಳಿನ ಒಳಪದರದ ಕೋಶಗಳು ನಿತ್ಯವೂ ಉದುರಿ ಮಲದೊಂದಿಗೆ ಹೊರಬರುತ್ತವೆ. ಕೆಟ್ಟ ಕೋಶಗಳಿದ್ದರೆ ಅವೂ ಉದುರುತ್ತವೆ. ಕರುಳಿನ ಗಡ್ಡೆಯಲ್ಲಿರುವ ರಾಸ್ ಜೀನಿನ (ಕೆರಾಸ್ ಇದರ ಒಂದು ಬಗೆ) ದೋಷವನ್ನು ಅದೇ ರೋಗಿಯ ಮಲದಲ್ಲಿಯೂ ಗುರುತಿಸಬಹುದೆಂಬುದು 1992ರಲ್ಲೇ ಸಾಬೀತಾಗಿತ್ತು. ಆದರೆ ಮಲದಲ್ಲಿರುವ ಡಿಎನ್‌ಎಯ ಬಹುಪಾಲು ಬ್ಯಾಕ್ಟೀರಿಯಾಗಳದ್ದು, ಮನುಷ್ಯನದು ಅತ್ಯಲ್ಪ. ಅದರಲ್ಲಿ ದೋಷವುಳ್ಳ ತುಣುಕನ್ನು ಹುಡುಕುವುದೆಂದರೆ ರಾಗಿಯ ಕಣದಲ್ಲಿ ಒಂದು ಸಾಸಿವೆ ಕಾಳನ್ನು ಅರಸಿದಂತೆ. ಬೇಕಾದ ತುಣುಕನ್ನಷ್ಟೇ ಲಕ್ಷಾಂತರ ಪಟ್ಟು ಹೆಚ್ಚಿಸಿಕೊಡುವ ಪಿಸಿಆರ್ ವಿಧಾನವಿಲ್ಲದಿದ್ದರೆ ಇದು ಆಗದ ಕೆಲಸ. ಕೋವಿಡ್ ಕಾಲದಲ್ಲಿ ಮೂಗಿನ ದ್ರವವನ್ನು ಪರೀಕ್ಷಿಸಿದ್ದೂ ಈ ಪಿಸಿಆರ್ ತತ್ತ್ವದ ಮೇಲೆಯೇ. ಜೀನಿನ ಅಕ್ಷರಗಳು ಬದಲಾಗದೆಯೇ, ಮಿಥೈಲ್ ಎಂಬ ರಾಸಾಯನಿಕ ಗುಂಪು ಅದಕ್ಕೆ ಅಂಟಿಕೊಂಡು ಜೀನು ಕೆಲಸ ನಿಲ್ಲಿಸುವುದೂ ಉಂಟು. ಮಿಥೈಲೇಶನ್ ಎಂಬ ಈ ಗುರುತು ಹಲವು ಗಡ್ಡೆಗಳಲ್ಲಿ ಸಾಮಾನ್ಯವಾಗಿರುವುದರಿಂದ ತಪಾಸಣೆಗೆ ಹೆಚ್ಚು ಉಪಯುಕ್ತವಾಗಿದೆ.

ಇವೆಲ್ಲವನ್ನೂ ಒಟ್ಟುಗೂಡಿಸಿದ ಕೊಲೊಗಾರ್ಡ್ ಎಂಬ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಒಪ್ಪಿಗೆ ನೀಡಿತು. ಅದು ಕೆರಾಸ್ ಜೀನಿನ ದೋಷಗಳನ್ನು, ಎನ್‌ಡಿಆರ್‌ಜಿ4 ಮತ್ತು ಬಿಎಂಪಿ3 ಜೀನುಗಳ ಮಿಥೈಲೇಶನ್ನನ್ನು ಹಾಗೂ ಮಲದಲ್ಲಿ ಅಡಗಿರುವ ರಕ್ತವನ್ನು ಒಟ್ಟಿಗೆ ಅಳೆಯುತ್ತದೆ. ಅದೇ ವರ್ಷ ಪ್ರಕಟವಾದ ಅಧ್ಯಯನದಲ್ಲಿ 9,989 ಮಂದಿಗೆ ಈ ಪರೀಕ್ಷೆಯನ್ನೂ, ಮಲದಲ್ಲಿರುವ ಮನುಷ್ಯರಕ್ತವನ್ನು ಪ್ರತಿಕಾಯದ ಮೂಲಕ ಗುರುತಿಸುವ ಅಗ್ಗದ ‘ಫಿಟ್’ ಪರೀಕ್ಷೆಯನ್ನೂ, ಕೊನೆಗೆ ಎಲ್ಲರಿಗೂ ಕೊಲೊನೋಸ್ಕೋಪಿಯನ್ನೂ ಮಾಡಲಾಯಿತು. ಕ್ಯಾನ್ಸರ್ ಇದ್ದದ್ದು 65 ಮಂದಿಗೆ. ಅವರಲ್ಲಿ ಡಿಎನ್‌ಎ ಪರೀಕ್ಷೆ 60 ಮಂದಿಯನ್ನು ಹಿಡಿಯಿತು, ಫಿಟ್ 48 ಮಂದಿಯನ್ನು. ಇಷ್ಟನ್ನೇ ಓದಿದವರಿಗೆ ಹೊಸದೇ ಮೇಲೆಂದು ತೋರುತ್ತದೆ. ಆದರೆ ಕ್ಯಾನ್ಸರಾಗಲಿ ಅಪಾಯಕಾರಿ ಪಾಲಿಪ್ ಆಗಲಿ ಇಲ್ಲದವರಲ್ಲಿ ನೂರಕ್ಕೆ ಸುಮಾರು 13 ಮಂದಿಗೆ ಡಿಎನ್‌ಎ ಪರೀಕ್ಷೆ ಸುಮ್ಮನೆ ‘ಪಾಸಿಟಿವ್’ ಎಂದಿತು. ಫಿಟ್ ಹಾಗೆ ಎಂದದ್ದು ಸುಮಾರು 5 ಮಂದಿಗೆ. ಇನ್ನು ಅಪಾಯಕಾರಿ ಪಾಲಿಪ್‌ಗಳಲ್ಲಿ ಡಿಎನ್‌ಎ ಪರೀಕ್ಷೆ ಗುರುತಿಸಿದ್ದು ಶೇಕಡ 42ರಷ್ಟನ್ನು ಮಾತ್ರ, ಫಿಟ್ ಶೇಕಡ 24ರಷ್ಟನ್ನು.

ನೀವು ಕೇಳಿದ ರಕ್ತಪರೀಕ್ಷೆಯದು ಇನ್ನೊಂದು ಬಗೆ. ಸಾಯುವ ಕೋಶಗಳಿಂದ ಡಿಎನ್‌ಎಯ ಚೂರುಗಳು ರಕ್ತದಲ್ಲಿ ಸೇರಿರುತ್ತವೆ ಎಂಬುದು 1948ರಿಂದ ತಿಳಿದಿದೆ. ಗಡ್ಡೆಯಿಂದ ಬಂದ ಚೂರುಗಳನ್ನು ಅವುಗಳಲ್ಲಿ ಬೇರ್ಪಡಿಸಿ ಓದುವ ‘ಶೀಲ್ಡ್’ ಎಂಬ ಪರೀಕ್ಷೆಗೆ ಅಮೆರಿಕದಲ್ಲಿ 2024ರ ಜುಲೈನಲ್ಲಿ ಒಪ್ಪಿಗೆ ದೊರೆಯಿತು. ಅದರ ಅಧ್ಯಯನದಲ್ಲಿ ನೂರು ಕ್ಯಾನ್ಸರುಗಳಲ್ಲಿ ಸುಮಾರು 83 ಪತ್ತೆಯಾದವು; ಅಪಾಯಕಾರಿ ಪಾಲಿಪ್‌ಗಳಲ್ಲಿ ಪತ್ತೆಯಾದದ್ದು ನೂರಕ್ಕೆ 13 ಮಾತ್ರ. ಇದು ಅಚ್ಚರಿಯಲ್ಲ. ಪಾಲಿಪ್ ಕರುಳಿನ ಒಳಗಡೆಗೆ ಚಾಚಿರುವುದರಿಂದ ಅದರ ಕೋಶಗಳು ಮಲಕ್ಕೆ ಉದುರುತ್ತವೆಯೇ ಹೊರತು, ರಕ್ತನಾಳಗಳನ್ನು ಹೊಕ್ಕಿರುವುದಿಲ್ಲ. ಆದ್ದರಿಂದ ಕ್ಯಾನ್ಸರ್ ಬಾರದಂತೆ ತಡೆಯಬೇಕೆಂಬ ಉದ್ದೇಶಕ್ಕೆ ರಕ್ತಪರೀಕ್ಷೆ ಸದ್ಯಕ್ಕೆ ದುರ್ಬಲ ಸಾಧನ.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಈ ಯಾವ ಪರೀಕ್ಷೆಯೂ ಕೊಲೊನೋಸ್ಕೋಪಿಯ ಬದಲಿಗೆ ಬರುವುದಿಲ್ಲ. ಯಾರಿಗೆ ಕೊಲೊನೋಸ್ಕೋಪಿ ಬೇಕೆಂಬುದನ್ನು ಆರಿಸಿಕೊಡುತ್ತದೆ, ಅಷ್ಟೆ. ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಲು ಸಿದ್ಧರಿಲ್ಲದವರು ಮೊದಲ ಪರೀಕ್ಷೆಗೂ ಹಣ ಕೊಡಬೇಕಾಗಿಲ್ಲ. ನಮ್ಮ ದೇಶದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಮೆರಿಕಕ್ಕಿಂತ ಬಹಳ ಕಡಿಮೆ ಇರುವುದರಿಂದ, ಅದೇ ಪರೀಕ್ಷೆಯನ್ನು ಇಲ್ಲಿ ಮಾಡಿದಾಗ ಪಾಸಿಟಿವ್ ಎನಿಸಿಕೊಂಡವರಲ್ಲಿ ರೋಗವಿಲ್ಲದವರ ಪಾಲು ಇನ್ನೂ ಹೆಚ್ಚುತ್ತದೆ. ನಿಮ್ಮ ವಯಸ್ಸಿನವರು, ಮನೆತನದಲ್ಲಿ ಯಾರಿಗೂ ಈ ರೋಗವಿರದಿದ್ದರೆ, ವರ್ಷಕ್ಕೊಮ್ಮೆ ಫಿಟ್ ಮಾಡಿಸುವುದು ಅಥವಾ ಒಮ್ಮೆ ಕೊಲೊನೋಸ್ಕೋಪಿ ಮಾಡಿಸಿ, ಕರುಳು ಶುದ್ಧವಾಗಿದ್ದರೆ ಹತ್ತು ವರ್ಷ ನಿಶ್ಚಿಂತರಾಗಿರುವುದು, ಇವೆರಡರಲ್ಲಿ ಒಂದನ್ನು ವೈದ್ಯರೊಡನೆ ಮಾತನಾಡಿ ಆರಿಸಿಕೊಳ್ಳಬಹುದು. ಜಾಹೀರಾತಿನ ಪರೀಕ್ಷೆಗೆ ಅವಸರ ಬೇಡವೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ನನಗೆ 49 ವರ್ಷ, ದಿನಕ್ಕೆ ಒಂದು ಪ್ಯಾಕ್ ಬೀಡಿ ಸೇದುತ್ತೇನೆ. ಲ್ಯಾಬಿನ ‘ಫುಲ್ ಬಾಡಿ ಪ್ಯಾಕೇಜ್’ನಲ್ಲಿ ಸಿಇಎ 5.8 ಎಂದು ಬಂದಿದ್ದು ಅದರ ಪಕ್ಕದಲ್ಲಿ ಕೆಂಪು ಗುರುತು ಹಾಕಿದ್ದಾರೆ. ಸಿಎ 19-9 ಸರಿಯಾಗಿದೆ. ಎರಡು ವಾರದಿಂದ ನಿದ್ದೆಯಿಲ್ಲ. (ಗುಬ್ಬಿ)

ಉತ್ತರ: ಸಿಇಎ ಎಂಬ ಪ್ರೋಟೀನನ್ನು ಕೆನಡಾದ ಫಿಲ್ ಗೋಲ್ಡ್ ಮತ್ತು ಸ್ಯಾಮುಯೆಲ್ ಫ್ರೀಡ್‌ಮನ್ 1965ರಲ್ಲಿ ಕರುಳಿನ ಗಡ್ಡೆಯಲ್ಲಿ ಗುರುತಿಸಿದಾಗ, ಕ್ಯಾನ್ಸರಿಗೆ ರಕ್ತಪರೀಕ್ಷೆ ಸಿಕ್ಕಿತೆಂದು ಬಹಳ ಮಂದಿ ಸಂಭ್ರಮಿಸಿದ್ದರು. ಆ ನಿರೀಕ್ಷೆ ನಿಜವಾಗಲಿಲ್ಲ. ಆರಂಭದ ಹಂತದ ಕ್ಯಾನ್ಸರ್ ಇರುವ ಅನೇಕರಲ್ಲಿ ಸಿಇಎ ಏರುವುದಿಲ್ಲ; ಧೂಮಪಾನಿಗಳಲ್ಲಿ, ಯಕೃತ್ತಿನ ಕಾಯಿಲೆ ಇರುವವರಲ್ಲಿ, ಕರುಳಿನ ಉರಿಯೂತ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಏರುತ್ತದೆ. ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ರೋಗ ಮರುಕಳಿಸಿದೆಯೇ ಎಂದು ಗಮನಿಸಲು ಇದು ಒಳ್ಳೆಯ ಪರೀಕ್ಷೆ. ಆರೋಗ್ಯವಂತರಲ್ಲಿ ರೋಗ ಹುಡುಕಲು ಅಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಏರುವ ಸಿಎ 19-9 ಕುರಿತೂ ಇದೇ ಮಾತು ಅನ್ವಯಿಸುತ್ತದೆ. ಅದು ಸರಿಯಿದೆ ಎಂದು ಮೇದೋಜೀರಕ ಗ್ರಂಥಿಯ ಬಗ್ಗೆ ಧೈರ್ಯ ತಾಳುವಂತೆಯೂ ಇಲ್ಲ. ಇಂತಹ ಪರೀಕ್ಷೆಗಳನ್ನು ಪ್ಯಾಕೇಜಿನಲ್ಲಿ ಸೇರಿಸಿ ಮಾರುವುದರಿಂದ ಜನರಿಗೆ ಆಗುವ ಲಾಭಕ್ಕಿಂತ ಸಂಕಟವೇ ಹೆಚ್ಚು ಎಂಬುದನ್ನು ಈ ಅಂಕಣದಲ್ಲಿ ಮುಚ್ಚುಮರೆಯಿಲ್ಲದೆ ಹೇಳುವುದು ಒಳ್ಳೆಯದು.

ಧೂಮಪಾನಿಯಲ್ಲಿ 5.8 ದೊಡ್ಡ ಸಂಖ್ಯೆಯಲ್ಲ. ಆದರೂ ವೈದ್ಯರನ್ನು ಒಮ್ಮೆ ಕಂಡು, ತೂಕ ಇಳಿದಿದೆಯೇ, ಮಲದಲ್ಲಿ ರಕ್ತ ಬೀಳುತ್ತಿದೆಯೇ, ರಕ್ತಹೀನತೆ ಇದೆಯೇ ಎಂಬುದನ್ನು ನೋಡಿಸಿಕೊಳ್ಳಿ. ಕೆಲವು ವಾರಗಳ ಬಳಿಕ ಪರೀಕ್ಷೆಯನ್ನು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಬಹುದು. ಏರುತ್ತ ಹೋದರೆ ಮಾತ್ರ ಮುಂದಿನ ಹೆಜ್ಜೆ. ನಿಮ್ಮ ನಿದ್ದೆ ಕೆಡಬೇಕಾದದ್ದು ಆ ಕೆಂಪು ಗುರುತಿಗಲ್ಲ, ಬೀಡಿಗೆ.

ಪ್ರಶ್ನೆ: ನಮ್ಮ ತಂದೆಗೆ 44ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆಗಿ ತೀರಿಕೊಂಡರು. ಅವರ ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ಅಜ್ಜನೂ ಹೊಟ್ಟೆಯ ಗಡ್ಡೆಯಿಂದಲೇ ಹೋದರೆಂದು ಹಿರಿಯರು ಹೇಳುತ್ತಾರೆ. ನನಗೀಗ 31 ವರ್ಷ. ಅತ್ತೆಯ ಮಗನೊಂದಿಗೆ ತಂಗಿಯ ಮದುವೆಯ ಮಾತುಕತೆ ನಡೆದಿದೆ. ನಾವು ಏನು ಮಾಡಬೇಕು? (ಚಿಂತಾಮಣಿ)

ಉತ್ತರ: ಈ ಬಾರಿ ಬಂದ ಪತ್ರಗಳಲ್ಲಿ ಅಣುಜೀವಶಾಸ್ತ್ರದಿಂದ ನಿಜವಾಗಿ ಪ್ರಯೋಜನ ಆಗಬಹುದಾದ ಕುಟುಂಬ ನಿಮ್ಮದೇ. ನೀವು ಬರೆದ ವಿವರ ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ಸ್ಥಿತಿಯನ್ನು ಬಲವಾಗಿ ಸೂಚಿಸುತ್ತದೆ. ಕೋಶ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ಜೀನುಗಳಲ್ಲಿ ಒಂದು ಹುಟ್ಟಿನಿಂದಲೇ ದೋಷಯುಕ್ತವಾಗಿದ್ದರೆ, ಆ ವ್ಯಕ್ತಿಯ ಕರುಳಿನಲ್ಲಿ, ಗರ್ಭಕೋಶದಲ್ಲಿ, ಕೆಲವೊಮ್ಮೆ ಜಠರ ಮತ್ತು ಅಂಡಾಶಯದಲ್ಲಿ ಚಿಕ್ಕ ವಯಸ್ಸಿನಲ್ಲೇ ಕ್ಯಾನ್ಸರ್ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಪಾಲಿಪ್ ಕ್ಯಾನ್ಸರಾಗಲು ಇತರರಲ್ಲಿ ಹತ್ತು ವರ್ಷ ಹಿಡಿದರೆ ಇವರಲ್ಲಿ ಎರಡು ಮೂರು ವರ್ಷಗಳೇ ಸಾಕಾಗಬಹುದು.

ಈ ಸ್ಥಿತಿಯನ್ನು ಮೊದಲು ಊಹಿಸಿದ್ದು ಪ್ರಯೋಗಾಲಯದಲ್ಲಲ್ಲ. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸೊಬ್ಬರು, ತಮ್ಮ ಮನೆತನದವರೆಲ್ಲ ಕರುಳಿನ ಅಥವಾ ಹೆಣ್ಣಂಗದ ಕ್ಯಾನ್ಸರಿನಿಂದ ಸಾಯುತ್ತಾರೆ, ತಾವೂ ಹಾಗೆಯೇ ಸಾಯುವುದೆಂದು ಆಲ್ಡ್ರೆಡ್ ವಾರ್ಥಿನ್ ಎಂಬ ವೈದ್ಯರಿಗೆ ಹೇಳಿದರು. ಮುಂದೆ ಆಕೆ ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ವಾರ್ಥಿನ್ ಆ ಮನೆತನದ ವಂಶಾವಳಿಯನ್ನು ಬರೆದಿಟ್ಟು 1913ರಲ್ಲಿ ಪ್ರಕಟಿಸಿದರು. ಕಾರಣವಾದ ಜೀನುಗಳು ಪತ್ತೆಯಾದದ್ದು 1990ರ ದಶಕದಲ್ಲಿ. ಹಿರಿಯರ ನೆನಪನ್ನು ನೀವು ಪತ್ರದಲ್ಲಿ ಬರೆದದ್ದು ಆದ್ದರಿಂದ ಬಹಳ ಒಳ್ಳೆಯದಾಯಿತು. ಯಾರಿಗೆ, ಯಾವ ಅಂಗದಲ್ಲಿ, ಎಷ್ಟನೇ ವಯಸ್ಸಿನಲ್ಲಿ ಎಂಬ ಮೂರು ವಿವರಗಳೊಡನೆ ಮೂರು ತಲೆಮಾರಿನ ಪಟ್ಟಿಯೊಂದನ್ನು ಮಾಡಿಕೊಳ್ಳಿ.

ಮೊದಲು ಪರೀಕ್ಷಿಸಬೇಕಾದದ್ದು ನಿಮ್ಮನ್ನಲ್ಲ, ರೋಗ ಬಂದವರನ್ನು. ನಿಮ್ಮ ಸೋದರತ್ತೆ ಬದುಕಿದ್ದರೆ ಅವರ ರಕ್ತದಿಂದಲೇ ಜೀನುಗಳ ಪರೀಕ್ಷೆ ಆರಂಭವಾಗಲಿ. ಇಲ್ಲವಾದರೆ, ತಂದೆಯವರ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಗಡ್ಡೆಯ ತುಣುಕನ್ನು ಮೇಣದಲ್ಲಿ ಅಚ್ಚು ಹಾಕಿ ಇಟ್ಟಿರುವ ಸಾಧ್ಯತೆ ಇದೆ. ‘ಬ್ಲಾಕ್’ ಎಂದು ಕೇಳಿದರೆ ಅವರಿಗೆ ತಿಳಿಯುತ್ತದೆ. ಅದರಲ್ಲಿ ಆ ನಾಲ್ಕು ಜೀನುಗಳ ಪ್ರೋಟೀನುಗಳು ಇವೆಯೇ ಇಲ್ಲವೇ ಎಂಬುದನ್ನು ಇಮ್ಯುನೊಹಿಸ್ಟೋಕೆಮಿಸ್ಟ್ರಿ ಎಂಬ ಬಣ್ಣದ ಪರೀಕ್ಷೆಯಿಂದ ನೋಡಬಹುದು. ಕುಟುಂಬದಲ್ಲಿರುವ ನಿರ್ದಿಷ್ಟ ದೋಷ ಯಾವುದೆಂದು ತಿಳಿದ ಮೇಲೆ ನಿಮಗೂ ತಂಗಿಗೂ ಅದೊಂದನ್ನೇ ಹುಡುಕುವ ಸರಳ ರಕ್ತಪರೀಕ್ಷೆ ಸಾಕು. ತಂದೆಗೆ ಆ ದೋಷವಿದ್ದರೆ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಶೇಕಡ 50. ಬಂದಿಲ್ಲವೆಂದಾದರೆ ಇತರರಂತೆ ನಿಶ್ಚಿಂತರಾಗಿರಬಹುದು. ಬಂದಿದ್ದರೆ, ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ದೋಷವುಳ್ಳವರು 20ರಿಂದ 25ನೇ ವಯಸ್ಸಿನಿಂದಲೇ ವರ್ಷಕ್ಕೆ ಅಥವಾ ಎರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು. ಉಳಿದೆರಡು ಜೀನುಗಳಲ್ಲಾದರೆ ತುಸು ತಡವಾಗಿ ಆರಂಭಿಸಬಹುದು. ಹೆಣ್ಣುಮಕ್ಕಳ ಗರ್ಭಕೋಶದ ಬಗ್ಗೆಯೂ ಸ್ತ್ರೀರೋಗ ತಜ್ಞರೊಡನೆ ಮಾತನಾಡಬೇಕಾಗುತ್ತದೆ. ಪರೀಕ್ಷೆಯ ವರದಿಗಾಗಿ ಕಾಯುತ್ತ ಕೂರಬೇಡಿ. ತಂದೆಗೆ 44ರಲ್ಲಿ ರೋಗ ಬಂದಿರುವುದರಿಂದ ನಿಮಗೆ ಈಗಲೇ ಒಂದು ಕೊಲೊನೋಸ್ಕೋಪಿ ಆಗುವುದು ಸರಿ. ಇಂತಹ ಕುಟುಂಬಗಳಿಗೆ ಮಲದ ಪರೀಕ್ಷೆ ಸಾಲದು.

ಮದುವೆಯ ವಿಚಾರ ಸೂಕ್ಷ್ಮವಾದದ್ದು, ಆದರೂ ಕೇಳಿದ್ದೀರಿ. ವರ ನಿಮ್ಮ ತಂದೆಯ ಅಕ್ಕನ ಮಗನೇ ಆಗಿದ್ದರೆ, ಒಂದೇ ದೋಷ ವಧು ಮತ್ತು ವರ ಇಬ್ಬರಲ್ಲಿಯೂ ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಹಾಗಿದ್ದಲ್ಲಿ ಹುಟ್ಟುವ ಪ್ರತಿ ಮಗುವಿಗೂ ಎರಡೂ ಕಡೆಯ ದೋಷ ಕೂಡಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂತಹ ಮಕ್ಕಳಲ್ಲಿ ಎಳೆವಯಸ್ಸಿನಲ್ಲೇ ಮಿದುಳಿನ, ರಕ್ತದ ಮತ್ತು ಕರುಳಿನ ಕ್ಯಾನ್ಸರುಗಳು ಕಾಣಿಸಿಕೊಳ್ಳುತ್ತವೆ. ಇದು ಅಪರೂಪ, ಆದರೆ ಸೋದರಸಂಬಂಧದ ಮದುವೆಗಳು ರೂಢಿಯಲ್ಲಿರುವ ನಮ್ಮ ಸೀಮೆಯಲ್ಲಿ ಮರೆಯಬಾರದ ಸಂಗತಿ. ನಿಶ್ಚಿತಾರ್ಥಕ್ಕೆ ಮೊದಲು ಇಬ್ಬರೂ ವಂಶವಾಹಿ ಸಮಾಲೋಚಕರನ್ನು ಕಾಣುವುದು ಕ್ಷೇಮ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ.

ಪ್ರಶ್ನೆ: ಎಂಡೋಸ್ಕೋಪಿಯಲ್ಲಿ ಎಚ್. ಪೈಲೋರಿ ಇದೆ ಎಂದಿದ್ದಾರೆ. ಇದು ಜಠರದ ಕ್ಯಾನ್ಸರ್ ತರುತ್ತದೆಂದು ಓದಿ ಗಾಬರಿಯಾಗಿದೆ. ಮಾತ್ರೆ ಒಂದು ವಾರ ತೆಗೆದುಕೊಂಡಾಗ ವಾಂತಿ ಬಂದು ಬಿಟ್ಟುಬಿಟ್ಟೆ. (ಮುಳಬಾಗಿಲು)

ಉತ್ತರ: ಎಚ್. ಪೈಲೋರಿ ಎಂಬ ಈ ಬ್ಯಾಕ್ಟೀರಿಯಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಆದರೆ ಭಾರತದಲ್ಲಿ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಜಠರದಲ್ಲಿ ಇದು ಇರುತ್ತದೆ, ಅವರಲ್ಲಿ ಕ್ಯಾನ್ಸರ್ ಬರುವುದು ಬಹಳ ಕಡಿಮೆ ಮಂದಿಗೆ. ಗಾಬರಿ ಬೇಡ, ಅಸಡ್ಡೆಯೂ ಬೇಡ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಿಂದ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿದುಕೊಳ್ಳುತ್ತವೆ. ಕ್ಲಾರಿಥ್ರೋಮೈಸಿನ್ ಎಂಬ ಔಷಧಕ್ಕೆ ಅದು ಬಗ್ಗುತ್ತದೆಯೇ ಎಂಬುದನ್ನು ಬಯಾಪ್ಸಿಯ ತುಣುಕಿನಲ್ಲಿ ಪಿಸಿಆರ್ ಮೂಲಕ ತಿಳಿಯಬಹುದು. ಒಮ್ಮೆ ವಿಫಲವಾದ ಚಿಕಿತ್ಸೆಯ ನಂತರ ಇದು ಉಪಯುಕ್ತ. ವೈದ್ಯರಿಗೆ ವಾಂತಿಯ ವಿಷಯ ತಿಳಿಸಿ, ಬೇರೆ ಸಂಯೋಜನೆಯ ಮಾತ್ರೆಗಳನ್ನು ಬರೆಸಿಕೊಂಡು, ಹೇಳಿದಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. ಮುಗಿದು ಕನಿಷ್ಠ ನಾಲ್ಕು ವಾರಗಳ ಮೇಲೆ ಉಸಿರಿನ ಅಥವಾ ಮಲದ ಆಂಟಿಜೆನ್ ಪರೀಕ್ಷೆಯಿಂದ ಬ್ಯಾಕ್ಟೀರಿಯಾ ಹೋಗಿದೆಯೆಂದು ಖಚಿತಪಡಿಸಿಕೊಳ್ಳಿ. ಅದಕ್ಕೆ ಎರಡು ವಾರ ಮೊದಲೇ ಆಮ್ಲ ತಗ್ಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳಿ ನಿಲ್ಲಿಸಿರಬೇಕು. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆ ಇದಕ್ಕೆ ಪ್ರಯೋಜನವಿಲ್ಲ, ಏಕೆಂದರೆ ಗುಣವಾದ ಮೇಲೂ ಪ್ರತಿಕಾಯ ಬಹುಕಾಲ ಉಳಿಯುತ್ತದೆ.

ಪ್ರಶ್ನೆ: ಮೂವತ್ತು ವರ್ಷದಿಂದ ಎಲೆ ಅಡಿಕೆ ಹಾಕುತ್ತೇನೆ, ಹೊಗೆಸೊಪ್ಪು ಇಲ್ಲ. ಮೂರು ತಿಂಗಳಿಂದ ಮುದ್ದೆ ನುಂಗುವಾಗ ಎದೆಯ ನಡುವೆ ಸಿಕ್ಕಿಕೊಂಡಂತಾಗುತ್ತದೆ. ದಾರಕ್ಕೆ ಕಟ್ಟಿದ ಸ್ಪಂಜನ್ನು ನುಂಗಿಸಿ ಮಾಡುವ ಪರೀಕ್ಷೆ ಇದೆಯಂತಲ್ಲ? (ಚಿಕ್ಕನಾಯಕನಹಳ್ಳಿ)

ಉತ್ತರ: ಆ ಸ್ಪಂಜಿನ ಪರೀಕ್ಷೆಯನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೆಬೆಕಾ ಫಿಟ್ಸ್‌ಜೆರಾಲ್ಡ್ ಅವರ ತಂಡ ರೂಪಿಸಿತು. ಬಹುಕಾಲದ ಎದೆಯುರಿಯಿಂದ ಅನ್ನನಾಳದ ಕೆಳತುದಿಯಲ್ಲಿ ಆಗುವ ಬದಲಾವಣೆಯನ್ನು, ಸ್ಪಂಜಿಗೆ ಅಂಟಿ ಬಂದ ಕೋಶಗಳಲ್ಲಿ ಟಿಎಫ್‌ಎಫ್3 ಎಂಬ ಪ್ರೋಟೀನಿನ ಮೂಲಕ ಅದು ಗುರುತಿಸುತ್ತದೆ. ನಮ್ಮಲ್ಲಿ ಅನ್ನನಾಳದ ಕ್ಯಾನ್ಸರಿನ ಬಹುಪಾಲು ಬೇರೆ ಬಗೆಯದು, ಹೊಗೆಸೊಪ್ಪು, ಮದ್ಯ ಮತ್ತು ಅಡಿಕೆಯೊಡನೆ ನಂಟುಳ್ಳದ್ದು. ಅದಕ್ಕೆ ಆ ಪರೀಕ್ಷೆ ಹೊಂದುವುದಿಲ್ಲ. ಅಡಿಕೆ ಬೆಳೆಯುವ ತಾಲ್ಲೂಕಿನವರಿಗೆ ಹೇಳಲು ಹಿತವಾದ ಮಾತಲ್ಲ, ಆದರೂ ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ವರದಿ ತೀರ್ಮಾನಿಸಿದೆ.

ನಿಮ್ಮ ವಿಷಯದಲ್ಲಿ ಇದೆಲ್ಲ ಎರಡನೆಯ ಮಾತು. ನುಂಗಲು ಕಷ್ಟವಾಗುತ್ತಿರುವವರಿಗೆ ತಪಾಸಣೆ ಎಂಬುದಿಲ್ಲ, ನೇರವಾಗಿ ರೋಗನಿರ್ಣಯವೇ ಆಗಬೇಕು. ಈ ವಾರದಲ್ಲೇ ಎಂಡೋಸ್ಕೋಪಿ ಮಾಡಿಸಿಕೊಳ್ಳಿ.

ಪ್ರಶ್ನೆ: ಮಲದಲ್ಲಿ ಆಗಾಗ ರಕ್ತ ಬೀಳುತ್ತದೆ. ಮೂಲವ್ಯಾಧಿ ಎಂದು ನಾಟಿ ಔಷಧಿ ಮಾಡುತ್ತಿದ್ದೇನೆ. ವಯಸ್ಸು 52. ಫಿಟ್ ಪರೀಕ್ಷೆ ಮಾಡಿಸಿ ನೆಗೆಟಿವ್ ಬಂದರೆ ಸುಮ್ಮನಿರಬಹುದೆ? (ಬಂಗಾರಪೇಟೆ)

ಉತ್ತರ: ಇರಬಾರದು. ಕಣ್ಣಿಗೆ ಕಾಣುವ ರಕ್ತವನ್ನು ಪರೀಕ್ಷೆಯಿಂದ ಹುಡುಕುವ ಅಗತ್ಯವಿಲ್ಲ. ಮೂಲವ್ಯಾಧಿಯೂ ಅದಕ್ಕಿಂತ ಮೇಲೆ ಕರುಳಿನಲ್ಲಿರುವ ಗಡ್ಡೆಯೂ ಒಬ್ಬರಲ್ಲೇ ಒಟ್ಟಿಗೆ ಇರಬಹುದು, ಮತ್ತು ಗಡ್ಡೆ ಪ್ರತಿದಿನ ರಕ್ತ ಸುರಿಸುವುದಿಲ್ಲ. ವೈದ್ಯರು ಬೆರಳಿನಿಂದ ಗುದದ್ವಾರವನ್ನು ಪರೀಕ್ಷಿಸಲಿ, ಹಿಮೋಗ್ಲೋಬಿನ್ ನೋಡಲಿ, ಅನಂತರ ಕೊಲೊನೋಸ್ಕೋಪಿ ಆಗಲಿ. ಅದರಲ್ಲಿ ನಿಜಕ್ಕೂ ಕಷ್ಟವೆನಿಸುವುದು ಹಿಂದಿನ ದಿನ ಭೇದಿಯ ಔಷಧ ಕುಡಿದು ಕರುಳನ್ನು ಖಾಲಿ ಮಾಡಿಕೊಳ್ಳುವುದು. ಪರೀಕ್ಷೆಯನ್ನು ಸಾಮಾನ್ಯವಾಗಿ ಮಂಪರಿನ ಔಷಧ ಕೊಟ್ಟು ಮಾಡುತ್ತಾರೆ.

ಪ್ರಶ್ನೆ: ನಮ್ಮ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಇದರಿಂದ ಕರುಳಿನ ಕ್ಯಾನ್ಸರ್ ಬರುತ್ತದೆಯೆ? (ಬಾಗೇಪಲ್ಲಿ)

ಉತ್ತರ: ಫ್ಲೋರೈಡ್ ಹಲ್ಲು ಮತ್ತು ಮೂಳೆಗಳನ್ನು ಕೆಡಿಸುವುದು ಖಚಿತ, ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಿರುವ ನೀರನ್ನು ಶುದ್ಧೀಕರಿಸದೆ ಕುಡಿಯಬಾರದು. ಕರುಳಿನ ಕ್ಯಾನ್ಸರಿಗೆ ಅದು ಕಾರಣವೆಂಬುದು ಸಿದ್ಧಪಟ್ಟಿಲ್ಲ.

ಪ್ರಶ್ನೆ: ನಮ್ಮ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದಿಂದ ಸದಸ್ಯರಿಗೆ ಕರುಳಿನ ಕ್ಯಾನ್ಸರ್ ತಪಾಸಣೆಯ ಶಿಬಿರ ನಡೆಸಬೇಕೆಂದಿದ್ದೇವೆ. ಡಿಎನ್‌ಎ ಪರೀಕ್ಷೆಗೆ ಹಣ ಸಾಲದು. ಏನು ಮಾಡಬಹುದು? (ಶಿಡ್ಲಘಟ್ಟ)

ಉತ್ತರ: ಸಂಘದ ಯೋಚನೆ ಮೆಚ್ಚತಕ್ಕದ್ದು. ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಇದೆ, ಕರುಳಿನದು ಇಲ್ಲ. ಮೊದಲು ಆ ಮೂರು ತಪಾಸಣೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರ ನೆರವಿನಿಂದ ಮಾಡಿಸಿ. ನಮ್ಮ ಜನರಿಗೆ ಅವುಗಳಿಂದ ಆಗುವ ಉಪಕಾರ ದೊಡ್ಡದು. ಕರುಳಿನ ತಪಾಸಣೆಯನ್ನೂ ಸೇರಿಸುವುದಾದರೆ 50 ದಾಟಿದವರಿಗೆ ಫಿಟ್ ಸಾಕು. ಅದಕ್ಕೆ ಪಥ್ಯ ಬೇಡ, ಹಿಂದಿನ ದಿನ ಮಾಂಸಾಹಾರ ಬಿಡಬೇಕಾಗಿಲ್ಲ, ಏಕೆಂದರೆ ಅದು ಮನುಷ್ಯನ ಹಿಮೋಗ್ಲೋಬಿನ್ನನ್ನು ಮಾತ್ರ ಗುರುತಿಸುತ್ತದೆ.

ಎರಡು ವಿಷಯಗಳಲ್ಲಿ ಎಚ್ಚರವಿರಲಿ. ಮುನ್ನೂರು ಮಂದಿಯನ್ನು ಪರೀಕ್ಷಿಸಿದರೆ ಸುಮಾರು 15 ಮಂದಿಗೆ ಪಾಸಿಟಿವ್ ಬರಬಹುದು. ಅವರಿಗೆಲ್ಲ ಕೊಲೊನೋಸ್ಕೋಪಿ ಎಲ್ಲಿ, ಯಾವ ದಿನ, ಯಾರ ಖರ್ಚಿನಲ್ಲಿ ಆಗುತ್ತದೆಂಬುದನ್ನು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೊಂದರ ಜೊತೆ ಮೊದಲೇ ಬರವಣಿಗೆಯಲ್ಲಿ ಗೊತ್ತುಮಾಡಿಕೊಂಡ ಮೇಲೆಯೇ ಕಿಟ್ ಹಂಚಿ. ಎರಡನೆಯದಾಗಿ, ಬಿಸಿಲಿನಲ್ಲಿ ಮಾದರಿಯ ಹಿಮೋಗ್ಲೋಬಿನ್ ಬೇಗ ಕೆಡುವುದರಿಂದ ಪರೀಕ್ಷೆ ಸುಳ್ಳು ನೆಗೆಟಿವ್ ತೋರಿಸುತ್ತದೆ. ಏಪ್ರಿಲ್, ಮೇ ತಿಂಗಳುಗಳನ್ನು ಬಿಟ್ಟು ದೀಪಾವಳಿಯ ನಂತರ ಶಿಬಿರ ಇಟ್ಟುಕೊಳ್ಳಿ, ಮತ್ತು ಬೆಳಗಿನ ಹಾಲು ಹಾಕಲು ಬರುವಾಗಲೇ ಮಾದರಿಯನ್ನೂ ತರುವಂತೆ ಸದಸ್ಯರಿಗೆ ತಿಳಿಸಿ, ಅದೇ ದಿನ ಐಸ್ ಪೆಟ್ಟಿಗೆಯಲ್ಲಿ ಲ್ಯಾಬಿಗೆ ಕಳುಹಿಸಿ.